ಯಾವ ಅಕ್ಷರವೂ ರಾಕ್ಷಸನದಲ್ಲ

ಕಲ್ಪಿತ ಲೋಕಗಳ ಕಥೆ ಬರೆಯುವವರು, ಅವನ್ನು ಸಿನಿಮಾ ಮಾಡುವವರು, ಗೇಮ್ ಕಟ್ಟುವವರು ಒಂದು ಮಾತನ್ನು ಚರ್ಚೆಯೇ ಇಲ್ಲದೆ ಒಪ್ಪಿಕೊಂಡುಬಿಟ್ಟಿದ್ದಾರೆ. ಒಳ್ಳೆಯವರಿಗೆ ಇಂಪಾದ ಭಾಷೆ ಕಟ್ಟಬೇಕು, ಕೆಟ್ಟವರಿಗೆ ಕರ್ಕಶವಾದದ್ದು. ಚೆಲುವಿನ ಜನಕ್ಕೆ ಲ, ನ, ಸ, ಜೊತೆಗೆ ಎಳೆದು ಹಾಡುವಂಥ ದೀರ್ಘ ಸ್ವರಗಳು. ಕಾಡಿನವರಿಗೆ, ದಾಳಿಕೋರರಿಗೆ, ಮನುಷ್ಯರನ್ನು ತಿನ್ನುವವರಿಗೆ ಗಂಟಲಿನಿಂದ ಕೆರೆದು ತೆಗೆದ ಸದ್ದು, ನಾಲಗೆ ಮಡಿಸಿ ಹೊಡೆದ ಸದ್ದು, ಲೊಚಗುಟ್ಟುವ ಸದ್ದು. ಹೀಗೇಕೆ ಎಂದರೆ ‘ನಾದಕ್ಕೇ ಒಂದು ಗುಣ ಇರುತ್ತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಶುದ್ಧ ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಇದು ಭೂಮಿಯ ಮೇಲೆ ಈಗಲೂ ಬದುಕಿರುವ ಜನರ ಬಾಯಿಗೆ ಬಳಿಯುವ ಮಸಿ, ಮತ್ತು ಆ ಜನರಲ್ಲಿ ನಾವೂ ಇದ್ದೇವೆ.

ನಾವೂ ಇದ್ದೇವೆ ಎಂದದ್ದು ಆವೇಶಕ್ಕಲ್ಲ. ‘ಸ್ಟಾರ್ ಟ್ರೆಕ್’ನ ಯುದ್ಧಪ್ರಿಯ ಕ್ಲಿಂಗನ್ನರಿಗೆ ಭಾಷೆ ಬೇಕಾದಾಗ 1984ರ ಚಿತ್ರಕ್ಕಾಗಿ ಅದನ್ನು ಕಟ್ಟಿಕೊಟ್ಟವರು ಮಾರ್ಕ್ ಒಕ್ರಾಂಡ್. ಮರುವರ್ಷ ನಿಘಂಟೂ ಬಂತು. ಮನುಷ್ಯರದೆನಿಸದ ಭಾಷೆ ಬೇಕಿತ್ತು. ಹಾಗಾಗಿ ಅವರು ಇಂಗ್ಲಿಷ್ ಕಿವಿಗೆ ಒಗ್ಗದ ಧ್ವನಿಗಳನ್ನು ಆರಿಸಿಕೊಂಡರು. ಕ್ಲಿಂಗನ್ನಿನ ಡಕಾರ ಇಂಗ್ಲಿಷಿನ ಹಲ್ಲಂಚಿನ ಡ ಅಲ್ಲ, ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಕ್ಕೆ ಮುಟ್ಟಿಸುವ ಡ. ಅದರ ಷಕಾರವೂ ಅದೇ ಜಾಗದ್ದು. ನಮ್ಮ ಮಕ್ಕಳು ಒಂದನೇ ತರಗತಿಯಲ್ಲಿ ಮೂರ್ಧನ್ಯವೆಂಬ ಹೆಸರೂ ಗೊತ್ತಿಲ್ಲದೆ ಕಲಿಯುವ ಅಕ್ಷರಗಳಿವು. ನಾಲಗೆಯ ಪಕ್ಕದಿಂದ ಗಾಳಿ ಬಿಡುವ ಅದರ ಮತ್ತೊಂದು ಧ್ವನಿ ಮೆಕ್ಸಿಕೋದ ನಾವಾಟ್ಲ್ ಜನರ ದಿನನಿತ್ಯದ ಮಾತಿನಲ್ಲಿದೆ. ಕಿರುನಾಲಗೆಯ ಹತ್ತಿರ ಹುಟ್ಟುವ ಕಕಾರ ಅರಬ್ಬಿಯಲ್ಲಿದೆ, ಆಂಡೀಸ್ ಬೆಟ್ಟಗಳ ಕೆಚುವಾದಲ್ಲಿದೆ. ‘ಭೂಮಿಯದಲ್ಲದ’ ಭಾಷೆ ಎಂದು ಕಟ್ಟಿದ್ದರಲ್ಲಿ ಭೂಮಿಯ ಮೇಲಿಲ್ಲದ ಒಂದು ಧ್ವನಿಯೂ ಇಲ್ಲ. ಯುರೋಪಿನ ಹೊರಗಿನ ಭೂಮಿ ಮಾತ್ರ ಅಲ್ಲಿ ಬೇಕಾದಷ್ಟಿದೆ.

ಒಕ್ರಾಂಡ್ ಅಜ್ಞಾನದಿಂದ ಹೀಗೆ ಮಾಡಿದವರಲ್ಲ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುಟ್ಸುನ್ ಎಂಬ ನುಡಿಯ ವ್ಯಾಕರಣದ ಮೇಲೆ 1977ರಲ್ಲಿ ಅವರು ಡಾಕ್ಟರೇಟ್ ಪಡೆದಿದ್ದರು. ಆ ನುಡಿಯನ್ನು ಚೆನ್ನಾಗಿ ಬಲ್ಲ ಕೊನೆಯ ಮುದುಕಿ 1930ರಲ್ಲೇ ತೀರಿಕೊಂಡಿದ್ದರು. ಒಕ್ರಾಂಡರ ವಿದ್ವತ್ತಿಗೆ ನನ್ನ ಗೌರವವಿದೆ. ನನ್ನ ಆಕ್ಷೇಪ ಅವರಿಗೆ ಬಂದ ಬೇಡಿಕೆಯ ಬಗ್ಗೆ. ಪರಕೀಯನ ಬಾಯಿ ಎಂದರೆ ಇಂಗ್ಲಿಷಿನವನದ್ದಲ್ಲದ ಬಾಯಿ ಎಂಬ ಅಳತೆಗೋಲಿನ ಬಗ್ಗೆ. ಆ ಕೋಲಿನಿಂದ ಅಳೆದರೆ, ರಾತ್ರಿ ತಡವಾಗಿ ಬಂದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ‘ಊಟ ಆಯ್ತೇನೋ?’ ಎಂದು ಕೇಳುವ ತಾಯಿಯ ಮಾತೂ ಒರಟು. ಆ ಪ್ರಶ್ನೆಯ ನಟ್ಟನಡುವೆ ಇರುವುದು ಟಕಾರ. ಅದರಲ್ಲಿ ಒರಟುತನ ಕೇಳಿಸಿದ ಕನ್ನಡದ ಮಗ ಯಾರಿದ್ದಾನೆ?

ಈ ಒಪ್ಪಿತ ನಂಬಿಕೆಗೆ ಎಲ್ಲರೂ ಕೊಡುವ ಸಾಕ್ಷಿ, ಕಲ್ಪಿತ ಲೋಕದ ಕಾದಂಬರಿಗಳನ್ನು ಬರೆದ ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್. ತಮ್ಮ ಕಥೆಯ ಚೆಲುವಿನ ಜನವಾದ ಎಲ್ಫ್‌ಗಳಿಗೆ ಅವರು ಕಟ್ಟಿದ ಎರಡು ಭಾಷೆಗಳು, ಕ್ವೆನ್ಯಾ ಮತ್ತು ಸಿಂದರಿನ್, ಕೇಳಲು ಹಿತವಾಗಿವೆ. ಮೊರ್ಡೋರ್‌ನ ದುಷ್ಟರಿಗೆ ಕೊಟ್ಟ ಕರಾಳ ನುಡಿ ಬೇಕೆಂದೇ ಕಿವಿ ಕೆರೆಯುವಂತಿದೆ. ಒಬ್ಬ ಅಭಿಮಾನಿ ಆ ನುಡಿಯ ಬರಹ ಕೆತ್ತಿಸಿದ ಲೋಹದ ಬಟ್ಟಲನ್ನು ಉಡುಗೊರೆ ಕಳಿಸಿದಾಗ ಟೋಲ್ಕಿನ್ ಅದರಲ್ಲಿ ಕುಡಿಯಲಿಲ್ಲ, ತಂಬಾಕಿನ ಬೂದಿ ಹಾಕಲು ಇಟ್ಟುಕೊಂಡರು. ತಾವೇ ಕಟ್ಟಿದ ನುಡಿಯ ಬಗ್ಗೆ ಅವರಿಗೆ ಅಷ್ಟು ಹೇಸಿಗೆ. ಭಾಷೆ ಕಟ್ಟುವವರ ಪಿತಾಮಹನೇ ಹೀಗೆಂದ ಮೇಲೆ ಇನ್ನೇನು ಎಂದು ಎಲ್ಲರೂ ಕೈಮುಗಿಯುತ್ತಾರೆ. ಕೈಮುಗಿಯುವ ಮೊದಲು ಅವರ ಕೆಲಸವನ್ನೇ ಹತ್ತಿರದಿಂದ ನೋಡಬೇಕಿತ್ತು.

ಎಲ್ಫ್‌ಗಳ ಲಿಪಿ ತೆಂಗ್ವಾರ್ ನೋಡಿ. ನಮ್ಮ ವರ್ಣಮಾಲೆ ಬಾಯಿಪಾಠ ಮಾಡಿದವರಿಗೆ ಅದು ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಒಂದು ಕಂಬ, ಅದಕ್ಕಂಟಿದ ಒಂದು ಬಿಲ್ಲು. ಬಿಲ್ಲು ಎರಡಾದರೆ ಅಘೋಷ ಘೋಷವಾಗುತ್ತದೆ, ಅಂದರೆ ತ ಇದ್ದದ್ದು ದ ಆಗುತ್ತದೆ. ಕಂಬ ಮೇಲೆದ್ದರೆ ಧ್ವನಿ ಉಸಿರಿನೊಂದಿಗೆ ಉಜ್ಜುತ್ತದೆ. ಸ್ವರಗಳಿಗೆ ವ್ಯಂಜನದ ತಲೆಯ ಮೇಲೆ ಗುರುತುಗಳು. ಮೂಲಾಕ್ಷರಗಳು 24, ನಾಲ್ಕು ಸಾಲು, ಸಾಲಿಗೆ ಆರು ಹಂತ. ಉಚ್ಚಾರಣೆಯ ಜಾಗ ಹಿಡಿದು ಅಕ್ಷರ ಜೋಡಿಸುವ ಬುದ್ಧಿ ನಮ್ಮ ಶಿಕ್ಷಾಶಾಸ್ತ್ರದವರಿಗೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಹೊಳೆದದ್ದು. ಕಥೆಯ ಕಾಲದಲ್ಲಿ ಸಾಮಾನ್ಯ ಜನ ಬಳಸುವ ಕ್ರಮದಲ್ಲಿ ತೆಂಗ್ವಾರ್‌ನ ನಾಲ್ಕು ಸಾಲುಗಳು ತ, ಪ, ಚ, ಕ. ನಮ್ಮ ಐದು ವರ್ಗಗಳಲ್ಲಿ ಅಲ್ಲಿ ಜಾಗ ಸಿಗದೇ ಹೋದದ್ದು ಒಂದಕ್ಕೇ, ಟವರ್ಗಕ್ಕೆ. ಇದಕ್ಕಾಗಿ ನಾನು ಟೋಲ್ಕಿನ್ನರನ್ನು ದೂರುವುದಿಲ್ಲ, ತಮ್ಮ ಕಿವಿಗೆ ಬಂದ ಧ್ವನಿಗಳನ್ನು ಅವರು ಜೋಡಿಸಿದರು. ಆದರೆ ಅವರ ಕಿವಿಯನ್ನೇ ಲೋಕದ ಕಿವಿ ಎಂದು ಸಾರಿದವರನ್ನು ದೂರುತ್ತೇನೆ.

ಇನ್ನೊಂದು ಸಂಗತಿ ಎಷ್ಟು ಸಲ ನೆನಪಿಸಿದರೂ ಕಡಿಮೆ. ಟೋಲ್ಕಿನ್ನರ ಕಥೆಯ ಕೇಂದ್ರದಲ್ಲಿರುವ ಮಾಂತ್ರಿಕ ಉಂಗುರದ ಮೇಲಿನ ಬರಹದ ಭಾಷೆ ಮೊರ್ಡೋರಿನದು, ಅಕ್ಷರಗಳು ಎಲ್ಫ್‌ಗಳವು. ಬೆಂಕಿಗೆ ಹಾಕಿದಾಗ ಹೊಳೆಯುವ, ನೋಡಿದವರೆಲ್ಲ ಚೆಲುವೆಂದು ಒಪ್ಪುವ ಆ ಬಳ್ಳಿಯಂಥ ಲಿಪಿ ಕೇಡನ್ನೂ ಅಷ್ಟೇ ಸೊಗಸಾಗಿ ಬರೆಯಿತು. ಅಕ್ಷರಕ್ಕೆ ಗುಣವಿಲ್ಲ ಎಂಬುದಕ್ಕೆ ಟೋಲ್ಕಿನ್ನರ ಪುಸ್ತಕವೇ ಸಾಕ್ಷಿ. ಹಾಗಿದ್ದ ಮೇಲೆ ಧ್ವನಿಗೆ ಮಾತ್ರ ಗುಣ ಎಲ್ಲಿಂದ ಬಂತು?

ಸಿಂದರಿನ್ನಿನ ಕಥೆ ಈ ವಾದವನ್ನು ಬೇರುಸಮೇತ ಕೀಳುತ್ತದೆ. ಅದರ ಧ್ವನಿಗಳನ್ನು ಟೋಲ್ಕಿನ್ ತೆಗೆದುಕೊಂಡದ್ದು ವೆಲ್ಶ್ ಭಾಷೆಯಿಂದ. ಬಾಲಕನಾಗಿದ್ದಾಗ ರೈಲಿನ ಕಲ್ಲಿದ್ದಲ ಬಂಡಿಗಳ ಮೇಲೆ ಬರೆದಿರುತ್ತಿದ್ದ ವೇಲ್ಸ್ ಊರುಗಳ ಹೆಸರು ನೋಡಿ ಅವರು ಮರುಳಾಗಿದ್ದರು. ಆದರೆ ಅದೇ ವೆಲ್ಶ್ ಬಗ್ಗೆ ಇಂಗ್ಲೆಂಡಿನ ಗಣ್ಯರ ಅಭಿಪ್ರಾಯ ಏನಿತ್ತು? ಗಂಟಲಲ್ಲಿ ಉಜ್ಜುವ, ಪಕ್ಕದಿಂದ ಉಗುಳುವ ಹಳ್ಳಿಗರ ಒರಟು ಭಾಷೆ. 1847ರಲ್ಲಿ ಸರಕಾರದ ವಿಚಾರಣಾ ವರದಿಯೇ ಆ ಭಾಷೆ ಜನರ ಏಳಿಗೆಗೆ ಅಡ್ಡಿ ಎಂದು ಬರೆಯಿತು. ಹತ್ತೊಂಬತ್ತನೇ ಶತಮಾನದ ಎಷ್ಟೋ ಶಾಲೆಗಳಲ್ಲಿ ವೆಲ್ಶ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕುತ್ತಿದ್ದರು. ಇನ್ನೊಂದು ಮಗು ಮಾತಾಡಿದರೆ ಅದು ಆ ಕೊರಳಿಗೆ ದಾಟುತ್ತಿತ್ತು. ದಿನದ ಕೊನೆಗೆ ಯಾರ ಕೊರಳಲ್ಲಿ ಉಳಿದಿರುತ್ತಿತ್ತೋ ಆ ಮಗುವಿಗೆ ಏಟು. ಕೆಲವೇ ದಶಕಗಳ ಅಂತರದಲ್ಲಿ ಅವೇ ಧ್ವನಿಗಳು ದೇವತೆಗಳಂಥ ಎಲ್ಫ್‌ಗಳ ಬಾಯಿ ಸೇರಿದವು. ಈಗ ಲೋಕವೇ ಅವನ್ನು ಇಂಪು ಎನ್ನುತ್ತದೆ. ವೆಲ್ಶ್ ನಡುವೆ ಬದಲಾಗಿರಲಿಲ್ಲ. ಬದಲಾದದ್ದು ಅದನ್ನು ಯಾರ ಬಾಯಲ್ಲಿ ಇಟ್ಟರು ಎಂಬುದು. ಒಬ್ಬ ಪ್ರತಿಭಾವಂತ ಲೇಖಕ ಮನಸ್ಸು ಮಾಡಿದರೆ ಶಿಕ್ಷೆ ತಿಂದ ನುಡಿಯನ್ನು ಸಿಂಹಾಸನಕ್ಕೆ ಏರಿಸಬಲ್ಲ ಎಂದಾದರೆ, ಉಳಿದ ನುಡಿಗಳನ್ನು ಕೆಸರಿಗೆ ತಳ್ಳುವುದೂ ಆಯ್ಕೆಯೇ ಆಯಿತು. ಅದನ್ನು ಪ್ರಕೃತಿಯ ಮೇಲೆ ಹಾಕುವಂತಿಲ್ಲ.

ಆ ಆಯ್ಕೆಯ ಹಿಂದೆ ಯಾವ ಕಣ್ಣಿತ್ತು ಎಂಬುದೂ ಗುಟ್ಟೇನಲ್ಲ. 1958ರ ಒಂದು ಪತ್ರದಲ್ಲಿ ಟೋಲ್ಕಿನ್ ಮೊರ್ಡೋರ್‌ನ ದುಷ್ಟ ಪಡೆಯಾದ ಓರ್ಕ್‌ಗಳ ರೂಪವನ್ನು ವಿವರಿಸುವಾಗ, ಯುರೋಪಿಯನ್ನರ ಕಣ್ಣಿಗೆ ಅಂದವಿಲ್ಲದ ಮಂಗೋಲ್ ಮುಖಗಳ ವಿಕೃತಿ ಎಂಬ ಅರ್ಥದಲ್ಲಿ ಬರೆದರು. ಮುಖಕ್ಕೆ ಮಾದರಿ ಅಲ್ಲಿಂದ ಬಂದ ಮೇಲೆ ಬಾಯಿ ಮಾತ್ರ ಎಲ್ಲಿಂದಲೂ ಬಂದದ್ದಲ್ಲ ಎಂದು ನಂಬಬೇಕೆ? ಅವರ ಪಾಂಡಿತ್ಯವನ್ನು ಕೊಂಡಾಡುವವರು ಈ ಪತ್ರವನ್ನೂ ಓದಲಿ.

ನಾದಗುಣದ ವಾದಿಗಳ ಕೈಯಲ್ಲಿ ಒಂದು ಪ್ರಯೋಗವಿದೆ. ಚೂಪು ಮೂಲೆಗಳ ಆಕಾರ ಒಂದು, ದುಂಡನೆಯದು ಇನ್ನೊಂದು. ಯಾವುದು ಕಿಕಿ, ಯಾವುದು ಬೂಬಾ ಎಂದು ಕೇಳಿದರೆ ಬಹುಪಾಲು ಜನ ಚೂಪಿನದನ್ನು ಕಿಕಿ ಎನ್ನುತ್ತಾರೆ. ಜರ್ಮನ್ ಮನಶ್ಶಾಸ್ತ್ರಜ್ಞ ವುಲ್ಫ್‌ಗಾಂಗ್ ಕೋಲರ್ 1929ರಲ್ಲಿ ಬೇರೆ ಪದಗಳೊಂದಿಗೆ ತೋರಿಸಿದ್ದು, 2001ರಲ್ಲಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬಾರ್ಡ್ ಮತ್ತೆ ಮುನ್ನೆಲೆಗೆ ತಂದದ್ದು. ಪ್ರಯೋಗ ನಿಜ, ಒಪ್ಪೋಣ. ಆದರೆ ಅದು ಹೇಳುವುದು ಆಕಾರದ ಮಾತು. ಚೂಪಾದದ್ದು ಕೇಡಿ, ದುಂಡಗಿನದು ಸಾಧು ಎಂದು ಆ ಪ್ರಯೋಗದಲ್ಲಿ ಯಾರು ಹೇಳಿದರು? ಭಾಷೆಗಳ ಚೆಲುವನ್ನೇ ನೇರವಾಗಿ ಅಳೆಯಲು ಹೊರಟ ಅಧ್ಯಯನ 2023ರಲ್ಲಿ ಬಂತು. 228 ಭಾಷೆಗಳ ಧ್ವನಿಮುದ್ರಣವನ್ನು ಇಂಗ್ಲಿಷ್, ಚೀನೀ ಮತ್ತು ಅರಬ್ಬಿ, ಹೀಬ್ರೂ, ಮಾಲ್ಟೀಸ್ ಆಡುವ 820 ಜನರಿಗೆ ಕೇಳಿಸಿದರು. ಯಾವ ಭಾಷೆ ಇಂಪು ಎಂಬ ಬಗ್ಗೆ ಕೇಳುಗರಲ್ಲಿ ಹೇಳಿಕೊಳ್ಳುವಂಥ ಒಮ್ಮತ ಬರಲಿಲ್ಲ. ಎದ್ದು ಕಂಡದ್ದು ಒಂದು ಒಲವು: ಪರಿಚಿತವೆನಿಸಿದ ಭಾಷೆಗೆ ಜನ ಹೆಚ್ಚು ಅಂಕ ಕೊಟ್ಟರು. ಇಂಪೆಂದರೆ ಬಹುಮಟ್ಟಿಗೆ ಪರಿಚಯ. ಕರ್ಕಶವೆಂದರೆ ಪರಿಚಯ ಮಾಡಿಕೊಳ್ಳದ ಸೋಮಾರಿತನ.

ಸಿನಿಮಾದವರಿಗೆ ಇದು ಗೊತ್ತಿಲ್ಲದ್ದೂ ಅಲ್ಲ. 2009ರ ‘ಅವತಾರ್’ಗಾಗಿ ಪಾಲ್ ಫ್ರೊಮರ್ ಕಟ್ಟಿದ ನಾವಿ ಭಾಷೆಯಲ್ಲಿ ಪ, ತ, ಕಗಳನ್ನು ಗಂಟಲು ಬಿಗಿಹಿಡಿದು ಸಿಡಿಸುವ ಧ್ವನಿಗಳಿವೆ. ಕಾಗದದ ಮೇಲೆ ಇದಕ್ಕಿಂತ ‘ಒರಟು’ ಇನ್ನೇನಿದೆ? ಆದರೂ ಪಂಡೋರಾದ ಆ ನೀಲಿ ಜನರ ಭಾಷೆ ಪ್ರೇಕ್ಷಕರಿಗೆ ಮುದ್ದಾಗಿ ಕೇಳಿಸಿತು. ಕಥೆ ಅವರ ಪರವಾಗಿತ್ತು, ಅವರು ಮರದಡಿ ಕೂತು ಸತ್ತವರನ್ನು ನೆನೆಯುವುದನ್ನು, ಪ್ರೀತಿಸುವುದನ್ನು ತೋರಿಸಿತ್ತು. ಅಷ್ಟು ಸಾಕಾಯಿತು.

ಇದನ್ನೆಲ್ಲ ಪಶ್ಚಿಮದ ಪಾಪ ಎಂದು ಅವರ ತಲೆಗೇ ಕಟ್ಟಿ ಕೂರುವಂತೆಯೂ ಇಲ್ಲ. ಅಸುರರು ರಕಾರದ ಜಾಗದಲ್ಲಿ ಲಕಾರ ನುಡಿದು ಸೋತರು ಎಂದು ಶತಪಥ ಬ್ರಾಹ್ಮಣ ಹೇಳಿತು, ಪತಂಜಲಿ ತನ್ನ ಮಹಾಭಾಷ್ಯದಲ್ಲಿ ವ್ಯಾಕರಣ ಏಕೆ ಓದಬೇಕು ಎಂಬುದಕ್ಕೆ ಅದನ್ನೇ ಉದಾಹರಣೆ ಮಾಡಿದ. ಒಂದು ಜನದ ಪ್ರಾಕೃತಕ್ಕೆ ಪೈಶಾಚಿ ಎಂದು ಹೆಸರಿಟ್ಟು ಪಿಶಾಚಿಗಳ ಭಾಷೆ ಮಾಡಿದವರೂ ನಮ್ಮವರೇ. ಅದರ ಬೆಲೆ ಏನಾಯಿತೆಂದು ಕಥಾಸರಿತ್ಸಾಗರ ಹೇಳುತ್ತದೆ. ಗುಣಾಢ್ಯ ಆ ಭಾಷೆಯಲ್ಲಿ, ತನ್ನ ನೆತ್ತರಿನಿಂದ, ಏಳು ಲಕ್ಷ ಶ್ಲೋಕಗಳ ಬೃಹತ್ಕಥೆ ಬರೆದ. ಸಾತವಾಹನ ದೊರೆ ಪಿಶಾಚಿಗಳ ಭಾಷೆಯೆಂದು ಮೂಗು ಮುರಿದ. ಗುಣಾಢ್ಯ ಬೆಟ್ಟದ ಮೇಲೆ ಬೆಂಕಿ ಹಾಕಿ, ಒಂದೊಂದೇ ಹಾಳೆ ಓದಿ ಸುಟ್ಟ. ಪ್ರಾಣಿಗಳು ಮೇವು ಬಿಟ್ಟು, ಕಣ್ಣೀರಿಡುತ್ತ ಕೇಳಿದವು. ದೊರೆಗೆ ಬುದ್ಧಿ ಬರುವ ಹೊತ್ತಿಗೆ ಉಳಿದದ್ದು ಒಂದು ಲಕ್ಷ. ಇವತ್ತು ಆ ಮೂಲ ಗ್ರಂಥವೇ ಇಲ್ಲ. ನಮ್ಮ ದುರ್ಗಸಿಂಹನ ಪಂಚತಂತ್ರದ ಬೇರು ಕೂಡ ಆ ಬೃಹತ್ಕಥೆಯವರೆಗೆ ಹೋಗುತ್ತದೆ. ಪಿಶಾಚಿಗಳ ಬಾಯಿ ಎಂದು ತಿರಸ್ಕರಿಸಿದ ಭಾಷೆಯಿಂದಲೇ ನಮ್ಮ ಕಥೆಗಳು ಹುಟ್ಟಿವೆ.

ಆದರೆ ಇದೇ ನೆಲದಲ್ಲಿ ಇನ್ನೊಂದು ದಾರಿಯೂ ಇತ್ತು, ಅದನ್ನು ಮರೆತಿರುವುದು ನನ್ನನ್ನು ಹೆಚ್ಚು ಕಾಡುತ್ತದೆ. ಯಕ್ಷಗಾನದ ಬಣ್ಣದ ವೇಷ ಬರುವುದನ್ನು ನೋಡಿದ್ದೀರಲ್ಲ. ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ, ತೆರೆಯ ಹಿಂದಿನಿಂದ ಎದೆ ನಡುಗಿಸುವ ಅಬ್ಬರ, ಚೆಂಡೆಯ ಪೆಟ್ಟು. ಮಕ್ಕಳು ಅಮ್ಮನ ಮಡಿಲಿಗೆ ಸೇರಿಕೊಳ್ಳುತ್ತಾರೆ. ತೆರೆ ಸರಿದು, ಕುಣಿತ ಮುಗಿದು, ಭಾಗವತರ ಪದಕ್ಕೆ ಅರ್ಥ ಹೇಳಲು ನಿಂತಾಗ ಆ ರಕ್ಕಸನ ಬಾಯಿಂದ ಬರುವುದು ಏನು? ರಾಮನ ಬಾಯಿಂದ ಬರುವ ಅದೇ ಕನ್ನಡ. ಅನೇಕ ಸಲ ಅದಕ್ಕಿಂತ ಮೇಲಾದ ತರ್ಕ. ರಾವಣನಿಗೂ ಮಾಗಧನಿಗೂ ತಮ್ಮ ಪಕ್ಷವನ್ನು ಮಂಡಿಸುವ ಹಕ್ಕನ್ನು ನಮ್ಮ ಹಳ್ಳಿಯ ರಂಗಸ್ಥಳ ಯಾವತ್ತೂ ಕಿತ್ತುಕೊಂಡಿಲ್ಲ. ರನ್ನ ದುರ್ಯೋಧನನಿಗೆ ಕೊಟ್ಟ ಕನ್ನಡ ಭೀಮನಿಗೆ ಕೊಟ್ಟದ್ದಕ್ಕಿಂತ ಕೆಳದರ್ಜೆಯದಲ್ಲ. ನಾಗಚಂದ್ರ ರಾವಣನಿಗೆ ಪಶ್ಚಾತ್ತಾಪದ ಮನಸ್ಸನ್ನೇ ಕೊಟ್ಟ. ಎದುರಾಳಿಗೂ ಮಾತು ಕೊಟ್ಟು ಗೆಲ್ಲುವುದು ಇಲ್ಲಿನ ಕವಿಗಳಿಗೆ ಗೊತ್ತಿತ್ತು.

ಇಂಥ ನೆಲದಲ್ಲಿ 2015ರಲ್ಲಿ ‘ಬಾಹುಬಲಿ’ ಬಂತು. ಅದರಲ್ಲಿ ದಾಳಿಕೋರರಾಗಿ ಬರುವ ಕಾಲಕೇಯರಿಗಾಗಿ ಮದನ್ ಕಾರ್ಕಿ ಕಿಲಿಕಿ ಎಂಬ ಭಾಷೆ ಕಟ್ಟಿದರು. ಸುಮಾರು 750 ಪದ, 40 ವ್ಯಾಕರಣ ನಿಯಮ ಎಂದು ಆಗ ಪ್ರಚಾರವಾಯಿತು. ಅದರಲ್ಲಿ ಜಾಣ್ಮೆಯಿದೆ. ನಾನು ಎನ್ನಲು ‘ಮಿನ್’, ಅದನ್ನೇ ಹಿಂದುಮುಂದಾಗಿಸಿದರೆ ನೀನು ಎನ್ನಲು ‘ನಿಮ್’. ಇದಿರುಬದಿರು ನಿಂತ ಇಬ್ಬರನ್ನು ಒಂದೇ ಪದದ ಎರಡು ತುದಿಯಾಗಿ ಕಂಡ ಕಲ್ಪನೆ ಅದು. ಇಷ್ಟು ಸೂಕ್ಷ್ಮವಾದದ್ದನ್ನು ಚಿತ್ರ ಯಾರ ಬಾಯಿಗೆ ಹಾಕಿತು? ಮೈಗೆಲ್ಲ ಕಪ್ಪು ಬಳಿದು, ಹಲ್ಲು ಕಿರಿದು, ಕೊಲ್ಲುವುದೂ ಕೆಡಿಸುವುದೂ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಒಂದು ಗುಂಪಿಗೆ. ನಾಲಗೆಯ ಲೊಚಗುಟ್ಟುವಿಕೆಯನ್ನು ಕ್ರೌರ್ಯದ ಗುರುತಾಗಿ ಬಳಸಿತು. ದಕ್ಷಿಣ ಆಫ್ರಿಕಾದಲ್ಲಿ ಕೋಟಿಗಟ್ಟಲೆ ಜನ ಆ ಧ್ವನಿಗಳಿರುವ ಭಾಷೆಯಲ್ಲೇ ಮಗುವಿಗೆ ಹೆಸರಿಡುತ್ತಾರೆ, ಸಂತೆಯಲ್ಲಿ ಚೌಕಾಸಿ ಮಾಡುತ್ತಾರೆ, ಪ್ರಾರ್ಥಿಸುತ್ತಾರೆ. ನೆಲ್ಸನ್ ಮಂಡೇಲಾರ ತಾಯ್ನುಡಿ ಷೋಸಾದಲ್ಲಿ ಆ ಧ್ವನಿಗಳು ತುಂಬಿವೆ, ಆ ಭಾಷೆಯ ಹೆಸರೇ ಅಂಥ ಧ್ವನಿಯಿಂದ ಶುರುವಾಗುತ್ತದೆ. ಕಾಲಕೇಯರ ಒಡೆಯನ ಹೆಸರು ಇಂಕೋಶಿ. ಷೋಸಾ, ಜುಲು ಭಾಷೆಗಳಲ್ಲಿ ಇಂಕೋಸಿ ಎಂದರೆ ಒಡೆಯ. ಎರಡೂ ಹೇಗೆ ಹತ್ತಿರ ಬಂದವೋ ಕಟ್ಟಿದವರೇ ಹೇಳಬೇಕು. ಆದರೆ ಆ ಜನರಲ್ಲೊಬ್ಬರು ನಮ್ಮ ಊರಿನ ಚಿತ್ರಮಂದಿರದಲ್ಲಿ ಕೂತಿದ್ದರೆ, ತಮ್ಮ ಬಾಯಿಯ ಧ್ವನಿಗೆ ಸಭಾಂಗಣವೆಲ್ಲ ಹೇಸುವುದನ್ನು ಅವರು ಹೇಗೆ ತಡೆದುಕೊಳ್ಳಬೇಕಿತ್ತು?

‘ಬಿಡಿ, ಅದು ಸಿನಿಮಾ’ ಎನ್ನುವವರಿಗೆ ಒಂದು ಇತಿಹಾಸ ನೆನಪಿಸುತ್ತೇನೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಕಳ್ಳರೆಂದು ಪಟ್ಟಿ ಮಾಡಿದರು. ಆ ಕಾಲದ ಪೊಲೀಸ್ ಕೈಪಿಡಿಗಳಲ್ಲಿ ಅಲೆಮಾರಿಗಳ ಮಾತಿನ ಪದಪಟ್ಟಿ ಕಳ್ಳರ ಗುಟ್ಟುನುಡಿ ಎಂದು ಅಚ್ಚಾಯಿತು. ಅರ್ಥವಾಗದ ಮಾತು ಆಡುವವನು ಅಪಾಯಕಾರಿ ಎಂಬ ಭಾವನೆಗೆ ಸರಕಾರದ ಮುದ್ರೆ ಬಿತ್ತು. ಕಾಯ್ದೆ 1952ರಲ್ಲಿ ಹೋಯಿತು, ಭಾವನೆ ಹೋಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹಕ್ಕಿಪಿಕ್ಕಿ ಹೆಂಗಸರು ತಮ್ಮೊಳಗೆ ವಾಗ್ರಿಯಲ್ಲಿ ಮಾತಾಡಿಕೊಂಡರೆ ಪಕ್ಕದವರು ಬ್ಯಾಗನ್ನು ಎದೆಗೆ ಅವುಚಿಕೊಳ್ಳುತ್ತಾರೆ. ಗುಜರಾತಿಯ ನೆಂಟನಾದ ಆ ನುಡಿಯಲ್ಲಿ ಅವರು ಬಸ್ಸಿನ ಟೈಮು ಕೇಳಿರಬಹುದು, ಮಗುವಿನ ಜ್ವರದ ಬಗ್ಗೆ ಹೇಳಿರಬಹುದು. ಗೊತ್ತಿಲ್ಲದ ನುಡಿ ಎಂದರೆ ಕೇಡು ಎಂಬ ಪಾಠವನ್ನು ದೊಡ್ಡ ಪರದೆ, ದೊಡ್ಡ ಸ್ಪೀಕರು ಸಲಸಲಕ್ಕೂ ಹೇಳಿಕೊಡುತ್ತಿದ್ದರೆ ಆ ಕೈ ಬ್ಯಾಗಿನಿಂದ ಯಾವಾಗ ಸಡಿಲವಾದೀತು?

‘ಗೇಮ್ ಆಫ್ ಥ್ರೋನ್ಸ್’ಗಾಗಿ ಡೇವಿಡ್ ಪೀಟರ್‌ಸನ್ 2009ರಲ್ಲಿ ಕಟ್ಟಲು ತೊಡಗಿದ ದೊತ್ರಾಕಿಯನ್ನೂ ಇಲ್ಲಿ ಹೇಳಬೇಕು. ವ್ಯಾಕರಣದಲ್ಲಿ ಅದು ಗಟ್ಟಿ ಕೆಲಸ. ಆದರೆ ಧಾರಾವಾಹಿಯೊಳಗೆ ಆ ಕುದುರೆ ಸವಾರರ ಬಗ್ಗೆ ಒಂದು ಮಾತು ಬರುತ್ತದೆ: ಅವರ ಭಾಷೆಯಲ್ಲಿ ಕೃತಜ್ಞತೆ ಹೇಳಲು ಪದವೇ ಇಲ್ಲ. ಪ್ರೇಕ್ಷಕ ತಕ್ಷಣ ಅನಾಗರಿಕರು ಎಂದುಕೊಳ್ಳಬೇಕು, ಅದಕ್ಕೇ ಆ ಮಾತು. ನಮ್ಮ ಅಡುಗೆಮನೆಗಳಲ್ಲಿ ಯಾವ ಮಗಳು ನೀರು ಕೊಟ್ಟ ಅಮ್ಮನಿಗೆ ಧನ್ಯವಾದ ಹೇಳಿದ್ದಾಳೆ? ಹೇಳಿದರೆ ಅಮ್ಮನಿಗೆ ಬೇಸರವಾದೀತು. ಕೃತಜ್ಞತೆ ಪದದಲ್ಲೇ ಇರಬೇಕು ಎಂಬುದು ಒಂದು ನಾಡಿನ ಪದ್ಧತಿ. ಅದಿಲ್ಲದವರನ್ನೆಲ್ಲ ಕಾಡುಜನ ಮಾಡುವುದಾದರೆ ಆ ಪಟ್ಟಿಯಲ್ಲಿ ನಮ್ಮ ಹೆಸರೂ ಸೇರುತ್ತದೆ.

ಈಗ ಬೆಂಗಳೂರಿನಲ್ಲೇ ಗೇಮ್ ಕಟ್ಟುವ, ಗ್ರಾಫಿಕ್ಸ್ ಮಾಡುವ ಕಂಪನಿಗಳಿವೆ. ಕನ್ನಡದಲ್ಲಿ ಕಲ್ಪಿತ ಲೋಕದ ಕಾದಂಬರಿ ಬರೆಯುವ ಹುಡುಗ ಹುಡುಗಿಯರಿದ್ದಾರೆ, ಸ್ವಂತ ಲಿಪಿ ಗೀಚಿಕೊಂಡು ಕೂರುವ ಶಾಲಾಮಕ್ಕಳೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. ದಯವಿಟ್ಟು ಈ ಹಳೆಯ ಅಚ್ಚನ್ನು ಒಡೆಯಿರಿ. ನಿಮ್ಮ ಕೇಡಿಗೆ ನಾಯಕನ ಭಾಷೆಯನ್ನೇ ಕೊಡಿ, ಯಕ್ಷಗಾನ ಕೊಟ್ಟಂತೆ. ಬೇರೆ ಭಾಷೆ ಕೊಡುವುದೇ ಆದರೆ ಪೂರ್ತಿ ಕೊಡಿ. ಅದರಲ್ಲಿ ಬೈಗುಳಕ್ಕೂ ಯುದ್ಧಘೋಷಕ್ಕೂ ಪದ ಮಾಡುವ ಮೊದಲು ಜೋಗುಳಕ್ಕೆ, ನಂಟಸ್ತಿಕೆಗೆ, ಊಟಕ್ಕೆ, ಮಳೆಗೆ ಪದ ಮಾಡಿ. ಆ ಜನರ ಪೈಕಿ ಒಬ್ಬ ಮುದುಕಿಯನ್ನಾದರೂ ಆ ಭಾಷೆಯಲ್ಲಿ ನಗಿಸಿ. ಧ್ವನಿಗಳನ್ನು ಎಲ್ಲಿಂದ ತೆಗೆದುಕೊಂಡಿರೆಂದು ಒಪ್ಪಿಕೊಳ್ಳಿ, ಆ ಧ್ವನಿಗಳ ನಿಜವಾದ ಒಡೆಯರು ಈ ಭೂಮಿಯಲ್ಲಿದ್ದರೆ ಅವರಿಗೆ ಮೊದಲು ಕೇಳಿಸಿ ಒಪ್ಪಿಗೆ ಪಡೆಯಿರಿ. ನಿರ್ಮಾಪಕರು ‘ಇನ್ನೂ ಸ್ವಲ್ಪ ಕಾಡುಕಾಡಾಗಿ ಕೇಳಿಸಲಿ’ ಎಂದರೆ ಆಗುವುದಿಲ್ಲ ಎನ್ನಿ.

ನೋಡುವವರ ಕೈಯಲ್ಲೂ ಕೆಲಸವಿದೆ. ಮುಂದಿನ ಸಲ ಪರದೆಯ ಮೇಲೆ ಯಾರೋ ಗುರುಗುಟ್ಟಿ, ಟಕಾರ ಡಕಾರ ಸಿಡಿಸಿ, ನಾಲಗೆ ಲೊಚಗುಟ್ಟಿಸಿ ಬಂದು ನಿಂತಾಗ ಚಪ್ಪಾಳೆ ತಟ್ಟಬೇಡಿ. ಚಿತ್ರ ಬಿಟ್ಟು ಹೊರಬಂದ ಮೇಲೆ ಅದನ್ನು ಮಾಡಿದವರಿಗೆ ಬರೆದು ಕೇಳಿ: ಈ ಜನರ ಬಾಯನ್ನು ನೀವು ಯಾರಿಂದ ಕಿತ್ತು ತಂದಿರಿ? ಉತ್ತರ ಬರುವವರೆಗೂ ಕೇಳುತ್ತಲೇ ಇರಿ.